ಸೋಮಯ್ಯನ ಮಟ್ಟು ಮದುವೆ ಮನೆ ಸೇರಿದ್ದು

ಗುಂಡ್ಲುಪೇಟೆಯ ಕಲ್ಯಾಣ ಮಂಟಪದ ಮುಂದೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಿವರಾಮು ಕ್ಲಾರಿನೆಟ್ಟಿನ ರೀಡನ್ನು ನಾಲಿಗೆಯಲ್ಲಿ ಒದ್ದೆ ಮಾಡಿಕೊಳ್ಳುತ್ತಾ ನಿಂತಿದ್ದಾರೆ. ಮೈಮೇಲೆ ಕೆಂಪು ಕೋಟು, ಕಾಲಿಗೆ ಹವಾಯಿ ಚಪ್ಪಲಿ. ಗಂಡಿನ ಕಡೆಯವರ ಬಸ್ಸು ಬಂದು ನಿಲ್ಲುತ್ತದೆ. ಮದುಮಗನ ಗೆಳೆಯರು ಇಳಿಯುವ ಮೊದಲೇ ಕಿಟಕಿಯಿಂದ ಕೂಗುತ್ತಾರೆ: "ಅಣ್ಣೋ, ಆ ಸಾಂಗ್ ಬುಡಣ್ಣೋ!"

ಯಾವ ಸಾಂಗ್ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಈಗ ಈ ಕಡೆಯ ಮದುವೆಗಳಲ್ಲಿ ಅದಿಲ್ಲದೆ ಮದುಮಗ ಮಂಟಪದೊಳಗೆ ಕಾಲಿಡುವುದೇ ಇಲ್ಲ. ಡ್ರಮ್ಮಿನ ಪುಟ್ಟಮಲ್ಲಪ್ಪ ಕಡ್ಡಿ ಎತ್ತುತ್ತಾರೆ, ಶಿವರಾಮು ಗೋಡೆಯ ಕಡೆ ತಿರುಗಿ ಊದತೊಡಗುತ್ತಾರೆ. ಹುಡುಗರು ಕುಣಿಯುತ್ತಾರೆ. ಹಾಡಿನ ನಡುವೆ ಒಂದು ಸಂದಿಯಲ್ಲಿ ಡ್ರಮ್ಮಿಗೆ ಎರಡೇಟು ಬಿದ್ದರೆ ಎಲ್ಲರೂ ಒಟ್ಟಿಗೆ ಶಿಳ್ಳೆ ಹೊಡೆಯುತ್ತಾರೆ. ಗೋಡೆಗೆ ಮುಖ ಮಾಡಿ ಯಾಕೆ ನುಡಿಸುತ್ತೀರಿ ಎಂದು ಕೇಳಿದರೆ "ಬಿಸ್ಲು ಕಣ್ಣಿಗೊಡೀತದೆ ಸಾ" ಅನ್ನುತ್ತಾರೆ. ಸೂರ್ಯ ಇನ್ನೂ ಹುಟ್ಟೇ ಇಲ್ಲ.

ಶಿವರಾಮು ತೆರಕಣಾಂಬಿಯವರು. ಅವರ ಬ್ಯಾಂಡ್ ಸೆಟ್ಟು ಮದುವೆಗೂ ಹೋಗುತ್ತದೆ, ಸಾವಿಗೂ ಹೋಗುತ್ತದೆ. ಲಗ್ನವಿಲ್ಲದ ದಿನಗಳಲ್ಲಿ ಅವರು ಚೆಂಡುಹೂ ಕೀಳುವ ಕೂಲಿಗೆ ಇಳಿಯುತ್ತಾರೆ. ಕಸುಬು ಕಲಿಸಿದವರು ತಂದೆ ಸೋಮಯ್ಯ. ತಮ್ಮ ಬೀದಿಯವರ ಹೆಣ ಸಾಗಿಸುವಾಗ ನುಡಿಸಲೆಂದೇ ಸೋಮಯ್ಯ ಒಂದು ಮಟ್ಟು ಕಟ್ಟಿದ್ದರು. ಚಟ್ಟ ಹೊತ್ತವರ ಹೆಜ್ಜೆಗೆ ಹೊಂದುವ, ನಿಧಾನದ ಮಟ್ಟು. ನಡುವೆ ಒಂದು ಕಡೆ ಅದು ಪೂರ್ತಿ ನಿಲ್ಲುತ್ತದೆ; ಹೊತ್ತವರು ಹೆಗಲು ಬದಲಿಸಿಕೊಳ್ಳುವುದು ಆಗಲೇ. ಸೋಮಯ್ಯ ತೀರಿಕೊಂಡ ದಿನ ಮಗನೇ ಅದನ್ನು ಊದಿಕೊಂಡು ಹೆಣದ ಮುಂದೆ ನಡೆದಿದ್ದರು.

ಹುಡುಗರು ಕುಣಿಯುವ ಆ ಮದುವೆ ಹಾಡು ಇದೇ ಮಟ್ಟು.

ಸಿನಿಮಾ ಸಂಗೀತ ನಿರ್ದೇಶಕರೊಬ್ಬರು ಹೊಸ ರಾಗ ಹುಡುಕಿಕೊಂಡು ಚಾಮರಾಜನಗರಕ್ಕೆ ಬಂದಿದ್ದಾಗ ಶಿವರಾಮು ಲಾಡ್ಜಿನ ಕೋಣೆಯಲ್ಲಿ ಕೂತು ತಮಗೆ ಗೊತ್ತಿದ್ದ ಮಟ್ಟನ್ನೆಲ್ಲ ನುಡಿಸಿದರು. ಯಾವುದಕ್ಕೂ ನಿರ್ದೇಶಕರು ತಲೆದೂಗಲಿಲ್ಲ. ಕೊನೆಗೆ ಅಪ್ಪನದು ಬಂತು. ನಿರ್ದೇಶಕರು ನೆಟ್ಟಗೆ ಕೂತು, ಇನ್ನೊಮ್ಮೆ ನುಡಿಸಿ ಎಂದರು. ಇದನ್ನು ಯಾವಾಗ ನುಡಿಸುತ್ತೀರಿ ಎಂದು ಕೇಳಿದರು.

"ಸುಗ್ಗೀಲಿ ಅಂದ್ಬುಟ್ಟೆ ಸಾ. ಸಾವಿಂದು ಅಂದ್ರೆ ಬ್ಯಾಡ ಅಂದಾರು ಅಂತ. ನಮ್ಮಪ್ಪುಂದು ಸಿನಿಮಾದಲ್ಲಿ ಬರ್ಲಿ ಅನ್ನೋ ಆಸೆ. ಆ ಸುಳ್ಳು ನನ್ ಬಾಯಿಂದ ಎಂಗ್ ಬಂತೋ ಕಾಣೆ."

ಮಟ್ಟು ಸಿನಿಮಾದಲ್ಲಿ ಓಟದ ಮದುವೆ ಹಾಡಾಗಿ ಬಂತು. ಶಿವರಾಮು ಅದನ್ನು ಮೊದಲು ಕೇಳಿದ್ದು ಸಂತೆಮರಹಳ್ಳಿ ಬಸ್ಸಿನಲ್ಲಿ. ಜನ ಸೀಟಿನಲ್ಲೇ ತೊಡೆ ತಟ್ಟುತ್ತಿದ್ದರಂತೆ. ಶಿವರಾಮು ಅರ್ಧ ದಾರಿಯಲ್ಲೇ ಇಳಿದು ನಡೆದುಕೊಂಡು ಹೋದರು. ಈಗ ಸಾವಿನ ಮನೆಯಲ್ಲಿ ಅದೇ ಮಟ್ಟು ಎತ್ತಿದರೆ, ಹೆಣದ ಮುಂದೆ ಮದುವೆ ಸಾಂಗ್ ಊದುತ್ತೀಯಾ ಎಂದು ಜನ ಮೇಲೆ ಬೀಳುತ್ತಾರೆ. ಹಾಗಾಗಿ ಅಲ್ಲಿ ನುಡಿಸುವುದನ್ನೇ ಬಿಟ್ಟರು. "ಯಾರ್ಗೆ ಅಂತ ಏಳನ ಸಾ? ನಮ್ಮಪ್ಪನ ನಾನೇ ಕುಣಿಯಕ್ಕೆ ಬುಟ್ಟಂಗಾಯ್ತು."

ಮನೆಯಲ್ಲಿ ತಾಯಿ ಮರಿತಾಯಮ್ಮ ಇದ್ದಾರೆ. ಊರಲ್ಲಿ ಮೈಕ್ ಸೆಟ್ಟಿನವರು ಆ ಹಾಡು ಹಾಕಿದರೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಇದುವರೆಗೆ ಮಗನನ್ನು ಒಂದು ಮಾತೂ ಕೇಳಿಲ್ಲ. ಕೇಳಿ ಬೈದಿದ್ದರೆ ವಾಸಿಯಿತ್ತು ಅನ್ನುತ್ತಾರೆ ಶಿವರಾಮು. ಆ ತಾಯಿ ಬಹಳ ಹಿಂದೆಯೇ ಮಗನಿಗೆ ಒಂದು ಮಾತು ಹೇಳಿಟ್ಟಿದ್ದಾರೆ: ತನ್ನನ್ನು ಹೊತ್ತೊಯ್ಯುವಾಗಲೂ ಗಂಡನ ಮಟ್ಟನ್ನೇ ನುಡಿಸಬೇಕು.

ಸಿನಿಮಾಕ್ಕೆ ಸಂಗೀತ ಕಟ್ಟುವ ಕಲೆಯ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿರುವ ರೂಪಶ್ರೀ ಕ್ಯಾಮೆರಾ ಸಮೇತ ತೆರಕಣಾಂಬಿಗೆ ಬಂದ ದಿನ, ಶಿವರಾಮು ಬಗ್ಗೆ ಬರೆಯಲು ಹೋಗಿದ್ದ ನಾನೂ ಅಲ್ಲಿದ್ದೆ. ಆಕೆ ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಸಂಗೀತ ನಿರ್ದೇಶಕರ ಸಂದರ್ಶನ ತೋರಿಸುತ್ತಾರೆ. "ಇದು ಈ ನೆಲದ ಸುಗ್ಗಿಯ ಸಂಭ್ರಮ, ಕೊಟ್ಟವರು ಶಿವರಾಮು" ಎಂದು ಅವರು ಮನಸ್ಸು ತುಂಬಿ ಹೇಳುತ್ತಿದ್ದಾರೆ. ಶಿವರಾಮು ತಲೆ ತಗ್ಗಿಸಿದವರು ಎತ್ತುವುದಿಲ್ಲ.

"ಆಪ್ ಮಾಡಿ ಮೇಡಂ. ಆವಯ್ಯಂದೇನೂ ತಪ್ಪಿಲ್ಲ. ಅದು ಸಾವಿನ ಮಟ್ಟು. ಸುಳ್ಳೇಳ್ದೋನು ನಾನು."

ಬಾಗಿಲ ಸಂದಿಯಲ್ಲಿ ಮರಿತಾಯಮ್ಮ ನಿಂತಿದ್ದಾರೆ. "ಶಿವರಾಮಣ್ಣ, ಇದು ಹೊರಗೆ ಬಂದರೆ ನಿಮ್ಮನ್ನ ಮದುವೆಗೆ ಯಾರೂ ಕರೆಯಲ್ಲ, ಯೋಚನೆ ಮಾಡಿ" ಎಂದು ರೂಪಶ್ರೀ ಎಚ್ಚರಿಸುತ್ತಾರೆ.

"ಮಾಡಿವ್ನಿ ಮೇಡಂ. ನಿಮ್ ಪಿಚ್ಚರ್‌ಗೆ ಆಕಿ."

ಹಾಗಾದರೆ ನಿಮ್ಮ ತಂದೆ ಕಟ್ಟಿದ ಹಾಗೆಯೇ ಒಮ್ಮೆ ನುಡಿಸಿ ಅನ್ನುತ್ತಾರೆ ರೂಪಶ್ರೀ. ಶಿವರಾಮು ಶುರು ಮಾಡುತ್ತಾರೆ. ಬೆರಳು ಮದುವೆಯ ಓಟಕ್ಕೇ ಬೀಳುತ್ತವೆ. ನಿಲ್ಲಿಸಿ ಮತ್ತೆ ಎತ್ತಿಕೊಂಡರೂ ಅದೇ. ಹೆಗಲು ಬದಲಿಸುವ ಜಾಗ ಬಂದಾಗ ಕಾಲು ತಾನಾಗಿಯೇ ನೆಲಕ್ಕೆ ಎರಡೇಟು ಕುಟ್ಟುತ್ತದೆ, ರಾಗ ನಿಲ್ಲದೆ ಮುಂದಕ್ಕೆ ಓಡುತ್ತದೆ. ಅವರು ಕ್ಲಾರಿನೆಟ್ಟನ್ನು ಮಡಿಲಿಗೆ ಹಾಕಿಕೊಂಡು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ.

"ಬತ್ತಿಲ್ಲ ಸಾ. ಮದ್ವೇದೇ ಬತ್ತದೆ. ನಾಳೆ ನಮ್ಮವ್ವಂಗೆ ಏನ್ ನುಡಿಸ್ಲಿ ನಾನು?"

ನನಗೂ ಅಲ್ಲಿ ಕೂರಲು ನಾಚಿಕೆಯಾಗುತ್ತದೆ. ಒಬ್ಬ ಮನುಷ್ಯ ತನ್ನ ಮನೆ ಜಗಲಿಯಲ್ಲೇ ಹೀಗೆ ಕುಸಿಯುವುದನ್ನು ಹೊರಗಿನವರು ಸುತ್ತ ಕೂತು ನೋಡಬಾರದು. ರೂಪಶ್ರೀ ತಾವಾಗಿಯೇ ಕ್ಯಾಮೆರಾ ಆರಿಸುತ್ತಾರೆ.

ಮರಿತಾಯಮ್ಮ ಹೊರಗೆ ಬಂದು ಮಗನ ಎದುರು ಕೂರುತ್ತಾರೆ. ಈಗ ಬೈಗುಳ ಬೀಳುತ್ತದೆ ಅಂದುಕೊಳ್ಳುತ್ತೇವೆ. ಆಕೆ ಮಗನ ಮಂಡಿಯ ಮೇಲೆ ಅಂಗೈ ಇಟ್ಟು, ಹೊತ್ತವರ ಹೆಜ್ಜೆಯಷ್ಟೇ ನಿಧಾನವಾಗಿ ತಟ್ಟತೊಡಗುತ್ತಾರೆ.

"ಊದ್ಲಾ" ಅನ್ನುತ್ತಾರೆ.

ಶಿವರಾಮು ಕಣ್ಣು ಮುಚ್ಚಿ ಊದುತ್ತಾರೆ. ತಾಯಿಯ ಕೈ ತಟ್ಟಿದಷ್ಟೇ ರಾಗ ನಡೆಯುತ್ತದೆ. ನಡುನಡುವೆ ಬೆರಳು ಮುನ್ನುಗ್ಗಲು ನೋಡುತ್ತವೆ, ಕೈ ಬಿಡುವುದಿಲ್ಲ. ಆ ಜಾಗ ಬರುತ್ತಿದ್ದಂತೆ ಮರಿತಾಯಮ್ಮ ಮಗನ ಮಂಡಿಯನ್ನು ಗಟ್ಟಿಯಾಗಿ ಒತ್ತಿ ಹಿಡಿಯುತ್ತಾರೆ.

"ಇಲ್ಲಿ ನಿಲ್ಸು ಮಗ. ಎಗ್ಲು ಬದ್ಲಾಯಿಸ್ಕಳ್ಳಿ ಅವ್ರು. ಇಲ್ದಿದ್ರೆ ನನ್ನ ಕೆಡವ್ಬುಡ್ತಾರೆ."