ಕುಂಕುಮ ಹಚ್ಚಿದ ಕಂಪ್ಯೂಟರ್

ಈ ಸಲ ಪಿತೃಪಕ್ಷಕ್ಕೆ ಗುಂಡ್ಲುಪೇಟೆಯ ಅಣ್ಣನ ಮನೆಗೆ ಹೋಗಿದ್ದೆ. ಎಡೆಯ ಪಕ್ಕದಲ್ಲಿಡಲು ಅತ್ತಿಗೆಯ ಸೀರೆಯೊಂದನ್ನು ಹುಡುಕುತ್ತ ಅವಳ ಟ್ರಂಕಿಗೆ ಕೈ ಹಾಕಿದೆ. ನುಸಿಗುಳಿಗೆಯ ವಾಸನೆ. ಸೀರೆಯ ಮಡಿಕೆಯೊಳಗಿಂದ ಕಪ್ಪು ಫ್ಲಾಪಿಯೊಂದು ಜಾರಿ ಬಿತ್ತು. ಆಗಿನ ಕಾಲದಲ್ಲಿ ಕಂಪ್ಯೂಟರಿಗೆ ಹಾಕುತ್ತಿದ್ದ ಅಂಗೈಯಗಲದ ಡಿಸ್ಕು. ಅದರ ಒಂದು ಮೂಲೆಯಲ್ಲಿ ಕುಂಕುಮದ ಕಲೆ. ನೋಡಿದ್ದೇ ತಡ, ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷವಾದರೂ ಆ ಸಿಟ್ಟು ಆರಿಲ್ಲ.

ಅತ್ತಿಗೆ ಹರದನಹಳ್ಳಿಯವಳು. ವಯಸ್ಸಿನಲ್ಲಿ ನನಗಿಂತ ಅಷ್ಟೇನೂ ದೊಡ್ಡವಳಲ್ಲ, ಹಾಗಾಗಿ ನಮ್ಮಿಬ್ಬರ ನಡುವೆ ಏಕವಚನವೇ. ಮದುವೆಗೆ ಮುಂಚೆ ಚಾಮರಾಜನಗರಕ್ಕೆ ಬಸ್ಸಿನಲ್ಲಿ ಓಡಾಡಿ ಕಂಪ್ಯೂಟರ್ ಕಲಿತಿದ್ದಳು. ತೊಂಬತ್ತರ ದಶಕದ ಕೊನೆಯಲ್ಲಿ ಅಣ್ಣ ಮನೆಗೊಂದು ಕಂಪ್ಯೂಟರ್ ತಂದ. ಹೆಸರಿಗೆ ಅದು ಅವನದು, ಕೂತು ದುಡಿಯುತ್ತಿದ್ದವಳು ಇವಳು. ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ, ಸಂಘದ ಕರಪತ್ರ, ಎಲ್ಲವನ್ನೂ ಕನ್ನಡದಲ್ಲಿ ಟೈಪ್ ಮಾಡುತ್ತಿದ್ದಳು. ತೆರಕಣಾಂಬಿಯಿಂದೆಲ್ಲ ಜನ ಬರುತ್ತಿದ್ದರು. ಕೀಲಿಮಣೆಯ ಮುಂದೆ ಕೂತರೆ ಅವಳ ಮುಖವೇ ಬೇರೆಯಾಗುತ್ತಿತ್ತು. ಅಡುಗೆಮನೆಯಲ್ಲಿ ಆ ಮುಖವನ್ನು ನಾನು ಒಂದು ದಿನವೂ ಕಂಡಿದ್ದಿಲ್ಲ...

ಕಂಪ್ಯೂಟರ್ ಇಟ್ಟಿದ್ದು ದೇವರ ಗೂಡಿನ ಪಕ್ಕದ ಮೇಜಿನ ಮೇಲೆ. ಆಯುಧಪೂಜೆಗೆ ಅಮ್ಮ ಅದಕ್ಕೆ ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿದಳು. ಅಲ್ಲಿಗೆ ಅದು ದೇವರಾಗಿಹೋಯಿತು. ಚಪ್ಪಲಿ ಹಾಕಿಕೊಂಡು ಯಾರೂ ಹತ್ತಿರ ಹೋಗುವಂತಿರಲಿಲ್ಲ. ತಿಂಗಳ ಮೂರು ದಿನ ನಾನೂ ಅತ್ತಿಗೆಯೂ ಹಿತ್ತಿಲ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದೆವು. ಆಗ ಒಳಗೇ ಬರುವ ಹಾಗಿಲ್ಲ ಎಂದ ಮೇಲೆ ಕಂಪ್ಯೂಟರಿನ ಮಾತೆಲ್ಲಿ.

ಆ ದಸರಾ ಕಳೆದ ಮೇಲೆ ಕಾಯಿಲೆ ಶುರುವಾಯಿತು. ಬೆಳಿಗ್ಗೆ ಸ್ವಿಚ್ ಹಾಕಿದರೆ ಕಂಪ್ಯೂಟರ್ ಏಳುತ್ತಲೇ ಇರಲಿಲ್ಲ. ಕಪ್ಪು ಪರದೆ, ಅದರ ಮೇಲೆ ಒಂದೇ ಸಾಲು ಇಂಗ್ಲಿಷು: ಡಿಸ್ಕ್ ಸರಿಯಿಲ್ಲ, ಬೇರೆ ಹಾಕಿ ಅಂತ. ಅಣ್ಣ ಚಾಮರಾಜನಗರದಿಂದ ಕಂಪ್ಯೂಟರ್ ಮೇಷ್ಟ್ರನ್ನು ಕರೆಸಿದ. ಕಂಪ್ಯೂಟರ್ ತಂದಾಗ ಅದಕ್ಕೆ ಕನ್ನಡ ಅಕ್ಷರ ತುಂಬಿಕೊಟ್ಟವನೂ ಆತನೇ. ಬಂದವನು ತನ್ನ ಫ್ಲಾಪಿ ಹಾಕಿ ಅದನ್ನು ಎಬ್ಬಿಸಿದ, ಕಾಫಿ ಕುಡಿದ, ಹೋದ. ಮುಂದಿನ ತಿಂಗಳು ಮತ್ತೆ ಅದೇ ಕಪ್ಪು ಪರದೆ, ಅದೇ ಸಾಲು. ಮತ್ತೆ ಮೇಷ್ಟ್ರು, ಮತ್ತೆ ಅದೇ ಫ್ಲಾಪಿ, ಮತ್ತೆ ಕಾಫಿ.

ತಿಂಗಳು ತಿಂಗಳು ಕೆಡುತ್ತದೆ ಅನ್ನುವುದೊಂದೇ ಸಾಕಾಯಿತು ಅಮ್ಮನಿಗೆ. ಹೆಂಗಸರು ಮುಟ್ಟು ಮೈಲಿಗೆಯಲ್ಲಿ ಸೋಕಿರಬಹುದೇ ಎಂದು ಮೇಷ್ಟ್ರನ್ನೇ ಕೇಳಿದಳು. ನಾನು ಬಾಗಿಲ ಬಳಿಯೇ ಇದ್ದೆ. ಆತ ನಕ್ಕು ಇಲ್ಲ ಅನ್ನುತ್ತಾನೆ ಅಂದುಕೊಂಡೆ. ಆತ ಕಾಫಿ ಲೋಟ ಕೆಳಗಿಟ್ಟು ಹೇಳಿದ:

“ಇದ್ರೂ ಇರ್ಬೋದು ಕಣಮ್ಮ. ಬಾಳ ಸೂಕ್ಷ್ಮದ ಮಿಷಿನ್ನು ಇದು. ಆ ದಿನ್ಗಳಲ್ಲಿ ಅತ್ರಕ್ಕೆ ಬುಡ್ಬ್ಯಾಡಿ.”

ಅಮ್ಮ ಓದಿದವಳಲ್ಲ, ಗೊತ್ತಿಲ್ಲದೆ ಕೇಳಿದಳು. ಆತನಿಗೆ ಗೊತ್ತಿತ್ತು. ತನಗೆ ರಿಪೇರಿ ಬರುವುದಿಲ್ಲ ಎನ್ನುವುದನ್ನು ಮುಚ್ಚಿಕೊಳ್ಳಲು ಒಬ್ಬ ಹೆಣ್ಣುಮಗಳ ಮೇಲೆ ಹೊರಿಸಿ ಎದ್ದುಹೋದನಲ್ಲ, ಅದಕ್ಕೇ ನನ್ನ ಹೊಟ್ಟೆ ಇವತ್ತಿಗೂ ಉರಿಯುವುದು.

ಅದರ ಮುಂದಿನ ತಿಂಗಳು ಮತ್ತೆ ಕೆಟ್ಟಾಗ ಅಮ್ಮ ಅತ್ತಿಗೆಯನ್ನು ದೇವರ ಮುಂದೆ ನಿಲ್ಲಿಸಿ, ಕದ್ದು ಮುಟ್ಟಿಲ್ಲವೆಂದು ಆಣೆ ಮಾಡು ಅಂದಳು. ಅತ್ತಿಗೆ ಮಾಡಲಿಲ್ಲ. ಮಾಡದ ತಪ್ಪಿಗೆ ಆಣೆ ಯಾಕೆ ಎಂದು ಕೇಳಿದಳು. ಎದುರು ಮಾತಾಡಿದ್ದಕ್ಕೆ ಶಿಕ್ಷೆ ದೊಡ್ಡದಾಯಿತು. ಇನ್ನು ಯಾವ ದಿನವೂ ಅವಳು ಅದನ್ನು ಮುಟ್ಟಕೂಡದು. ಅಣ್ಣ ನೆಲ ನೋಡುತ್ತ ನಿಂತಿದ್ದ.

ಆ ಸಲ ಮೇಷ್ಟ್ರು ಕಂಪ್ಯೂಟರ್ ಎಬ್ಬಿಸಿ ಹೋಗುವಾಗ ಫ್ಲಾಪಿಯನ್ನು ಅದರಲ್ಲೇ ಮರೆತಿದ್ದ. ಅತ್ತಿಗೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, ತವರಿಗೆ ಹೋಗಿ ಬರುತ್ತೇನೆಂದು ಹೇಳಿ ಬಸ್ ಹತ್ತಿದಳು. ಹೋಗಿದ್ದು ಚಾಮರಾಜನಗರದಲ್ಲಿ ಕೆಲಸಕ್ಕಿದ್ದ ಗೆಳತಿಯ ಹತ್ತಿರ. ಅಲ್ಲಿ ಪರೀಕ್ಷೆ ಮಾಡಿದರೆ ಆ ಫ್ಲಾಪಿಯಲ್ಲೇ ವೈರಸ್ಸು. ಒಳಗೆ ಸೇರಿದ ಕೂಡಲೇ ತಲೆ ಎತ್ತುವುದಿಲ್ಲವಂತೆ. ಒಂದಷ್ಟು ಸಲ ಸ್ವಿಚ್ ಹಾಕಿ ತೆಗೆದ ಮೇಲೆ ಕಚ್ಚುವುದಂತೆ. ವೈದ್ಯನೇ ಪ್ರತಿ ತಿಂಗಳೂ ಮನೆಗೆ ಬಂದು ರೋಗ ಹಚ್ಚಿ ಹೋಗುತ್ತಿದ್ದ.

ಅತ್ತಿಗೆ ಗೆಳತಿಯಿಂದ ಶುದ್ಧವಾದ ಇನ್ನೊಂದು ಫ್ಲಾಪಿ ಇಸಿದುಕೊಂಡು ಬಂದಳು. ಮರುದಿನವೇ ಅವಳು ಹೊರಗಾದಳು. ಅದರ ಮಾರನೆಯ ಮಧ್ಯಾಹ್ನ ಅಮ್ಮ ಸಂತೆಗೆ ಹೋದದ್ದೇ, ಅತ್ತಿಗೆ ಚಾಪೆ ಬಿಟ್ಟೆದ್ದು ಸೀದಾ ಒಳಗೆ ಬಂದಳು. ನಾಡಿದ್ದು ಸ್ನಾನವಾದ ಮೇಲೆ ಮಾಡಬಹುದಲ್ಲ ಎಂದೆ.

“ಬ್ಯಾಡ ಕಣಮ್ಮಿ,” ಅಂದಳು. “ಇವತ್ತೇ ಮಾಡ್ಬೇಕು.”

ದೇವರ ಗೂಡಿನ ಪಕ್ಕದಲ್ಲೇ ಕೂತು, ಹೊಸ ಫ್ಲಾಪಿ ಹಾಕಿ, ಕಂಪ್ಯೂಟರಿನೊಳಗಿನ ವೈರಸ್ಸನ್ನು ತೊಳೆದು ಚೊಕ್ಕ ಮಾಡಿದಳು. ಆಮೇಲೆ ಫ್ಲಾಪಿಯ ಮೂಲೆಯಲ್ಲಿದ್ದ ಪುಟ್ಟ ಕಂಡಿಯನ್ನು ತೋರಿಸಿ, ಇದು ತೆರೆದಿದ್ದರೆ ಫ್ಲಾಪಿಗೆ ಹೊಸದೇನನ್ನೂ ಬರೆಯಲಾಗದು, ವೈರಸ್ಸೂ ನುಸುಳದು ಎಂದು ನನಗೆ ಹೇಳಿಕೊಟ್ಟಳು. ಅವಳ ಬೆರಳಿಗೆ ಕಂಪ್ಯೂಟರ್ ಪೆಟ್ಟಿಗೆಯ ಕುಂಕುಮ ಹತ್ತಿತ್ತು. ಅದೇ ಈ ಕಲೆ.

ಸಂಜೆ ಅಣ್ಣನಿಗೆ ವೈರಸ್ಸಿನ ವಿಷಯವನ್ನಷ್ಟೇ ಹೇಳಿದಳು, ತಾನು ಒಳಗೆ ಬಂದಿದ್ದನ್ನು ಹೇಳಲಿಲ್ಲ; ಮೇಷ್ಟ್ರ ಫ್ಲಾಪಿಯನ್ನೂ ತೋರಿಸಿದಳು. ಅಣ್ಣ ನಂಬಿದ. ಆತನನ್ನು ಮತ್ತೆ ಕರೆಸಲಿಲ್ಲ. ಆದರೂ ಅಮ್ಮನ ಮನಸ್ಸು ಯಾಕೆ ನೋಯಿಸುವುದು, ಸ್ವಲ್ಪ ದಿನ ದೂರವಿರು ಅಂದ. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಕಂಪ್ಯೂಟರ್ ಮತ್ತೆ ಕೆಡಲೂ ಇಲ್ಲ. ಸೊಸೆ ದೂರವಾದಳು, ಯಂತ್ರ ನೆಟ್ಟಗಾಯಿತು ಎಂದು ಅಮ್ಮ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದಳು. ಟೈಪ್ ಮಾಡಲು ಒಬ್ಬ ಹುಡುಗನನ್ನು ಇಟ್ಟುಕೊಂಡರು. ಅತ್ತಿಗೆ ಅವನಿಗೆ ಕಾಫಿ ತಂದಿಟ್ಟು ಒಳಗೆ ಹೋಗುತ್ತಿದ್ದಳು...

ಈಗ ಅಮ್ಮನೂ ಇಲ್ಲ, ಅತ್ತಿಗೆಯೂ ಇಲ್ಲ. ಫ್ಲಾಪಿಯನ್ನು ಅಣ್ಣನ ಕೈಗೆ ಕೊಟ್ಟೆ. ಆಚೀಚೆ ತಿರುಗಿಸಿ ನೋಡಿ ನಕ್ಕ.

“ಆ ಕಂಪ್ಯೂಟ್ರು ಬಾಳ ಚೆನ್ನಾಗಿತ್ತು ಕಣಮ್ಮಿ. ಇವಳು ಮುಟ್ಟೋದ್ ಬುಟ್ಮೇಲೆ ಒಂದಿನಾನೂ ಕೆಡ್ನಿಲ್ಲ.”

ಅವನಿಗೆ ಎಲ್ಲ ಮರೆತುಹೋಗಿತ್ತು. ಉಳಿದದ್ದು ಅಮ್ಮ ಹೇಳಿದ್ದೊಂದೇ. ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಇನ್ನು ನುಂಗಲಾಗಲಿಲ್ಲ.

“ಅದನ್ನ ಸರಿ ಮಾಡಿದ್ದೇ ಅತ್ತಿಗೆ ಕಣಣ್ಣ,” ಎಂದೆ. “ಅವತ್ತು ಅವಳು ಹೊರಗೆ ಕೂತಿದ್ಲು. ಎರಡನೇ ದಿನ. ಈ ಫ್ಲಾಪೀನ ಆ ಕೈಯಲ್ಲೇ ಹಾಕಿದ್ಲು.”

ಅಣ್ಣ ಫ್ಲಾಪಿಯನ್ನು ಮೆಲ್ಲಗೆ ನೆಲದ ಮೇಲಿಟ್ಟ. ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಬಂದ. ಧೂಳಿತ್ತು ಅಂದ.

ನಾನು ಅದನ್ನು ಸೆರಗಿನಲ್ಲಿ ಒರೆಸಿ, ಅವಳ ಫೋಟೋದ ಮುಂದೆ, ಎಡೆಯ ಪಕ್ಕದಲ್ಲೇ ಇಟ್ಟೆ.