ದುಬೈಗೆ ಹೊರಟ ಕ್ಯಾಡಿ ಸುಬ್ಬಪ್ಪ

ಆ ಟಿಕೆಟ್ಟನ್ನು ಸುಬ್ಬಪ್ಪ ಲ್ಯಾಮಿನೇಷನ್ ಮಾಡಿಸಿ ದೇವರ ಫೋಟೋದ ಪಕ್ಕ ಒರಗಿಸಿದ್ದಾನೆ ಎಂದು ತಿಳಿದಾಗಿನಿಂದ ಇಂಪನಾಳಿಗೆ ಅದೇ ಚಿಂತೆ. ಅವಳು ಮೊದಲೇ ಪುಕ್ಕಲು. ಶಿವಮೊಗ್ಗದ ಹೊಸಮನೆ ಬಡಾವಣೆಯ ಬಾಡಿಗೆ ಮನೆಗೆ ಬೀಗ ಹಾಕಿ ಗೇಟು ದಾಟಿದ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸು ಬರುವವಳು. ಎರಡು ವರ್ಷದ ಮಗ ಅಭಯ ಮಲಗಿದ್ದರೆ ಮೂಗಿನ ಕೆಳಗೆ ಬೆರಳು ಹಿಡಿದು ಉಸಿರು ನೋಡುವವಳು. ಗಂಡ ನಿಶಾಂತ್ ಅವಳ ಚಿಂತೆಗಳಿಗೆಲ್ಲ ಹೂಂ ಹೂಂ ಎನ್ನುತ್ತ ಮೊಬೈಲ್ ನೋಡುತ್ತಿರುತ್ತಿದ್ದ. ಈ ಒಂದು ಚಿಂತೆಯನ್ನು ಮಾತ್ರ ಅವನಿಗೂ ಹೇಳಿರಲಿಲ್ಲ. ಯಾಕೆಂದರೆ ಅದು ಸುಳ್ಳು ಟಿಕೆಟ್ಟು, ಅದನ್ನು ಪ್ರಿಂಟ್ ಹಾಕಿದವಳು ಅವಳೇ.

ಸವಳಂಗ ರಸ್ತೆಯಲ್ಲಿ ಯುವರಾಜ್ ಎಂಬವರ ಟ್ರಾವೆಲ್ಸ್ ಆಫೀಸಿನಲ್ಲಿ ಅವಳಿಗೆ ಕೆಲಸ. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷಿನಲ್ಲಿ ನಾಲ್ಕು ಸಾಲು ತಪ್ಪಿಲ್ಲದೆ ಬರೆಯುತ್ತಾಳೆ ಎಂದು ವಿದೇಶ ಪ್ರವಾಸಗಳೆಲ್ಲ ಅವಳ ಮೇಜಿಗೆ ಬರುತ್ತಿದ್ದವು. ಹಾಗೆ ಬಂದವನು ಜಲ್ಲಿ ಕ್ರಷರಿನ ಆನಂದ್. ಅವನಿಗೂ ಅವನ ಮೂವರು ಗೆಳೆಯರಿಗೂ ಇತ್ತೀಚೆಗೆ ಗಾಲ್ಫಿನ ಹುಚ್ಚು ಹತ್ತಿತ್ತು. ಫೆಬ್ರವರಿ ಕೊನೆಗೆ ದುಬೈಗೆ ಹೋಗಬೇಕು, ಶಾಪಿಂಗು ಬೇಡ, ಒಂಟೆ ಸವಾರಿ ಬೇಡ, ಮರಳುಗಾಡಿನ ಬೆಚ್ಚನೆ ಬಿಸಿಲಲ್ಲಿ ಗಾಲ್ಫ್ ಆಡಿ ಬರಬೇಕು ಎಂದ. ಯಾತ್ರೆಯ ಬಸ್ಸು, ಹನಿಮೂನ್ ಪ್ಯಾಕೇಜುಗಳಲ್ಲೇ ಮುಳುಗಿದ್ದ ಯುವರಾಜ್‌ಗೆ ಇಂಥ ಗಿರಾಕಿ ಸಿಕ್ಕಿದ್ದೇ ಹಿಗ್ಗು.

ಆನಂದ್ ವಾಟ್ಸಾಪಿನಲ್ಲಿ ಒಂದು ಗ್ರೂಪ್ ಮಾಡಿ ಇಂಪನಾಳನ್ನೂ ಸೇರಿಸಿದ. ಮೊದಲ ದಿನವೇ, ಬೆಳಗಿನ ಟೀ ಟೈಮ್ ಬುಕ್ ಮಾಡಿ ಎಂದು ಬರೆದ. ಗಾಲ್ಫಿನಲ್ಲಿ ಟೀ ಎಂದರೆ ಚೆಂಡು ಕೂರಿಸುವ ಪುಟ್ಟ ಮೊಳೆ, ಟೀ ಟೈಮ್ ಎಂದರೆ ಆಟ ಶುರುವಾಗುವ ಹೊತ್ತು ಎಂದು ಅವಳಿಗೇನು ಗೊತ್ತು. ಹೋಟೆಲಿಗೆ ಮೇಲ್ ಬರೆದು, ನಾಲ್ವರಿಗೂ ಬೆಳಿಗ್ಗೆ ಚಹಾ, ಅದರಲ್ಲಿ ಇಬ್ಬರಿಗೆ ಸಕ್ಕರೆ ಇಲ್ಲದ್ದು ಎಂದು ಖಚಿತ ಮಾಡಿಸಿಕೊಂಡು, ಆ ಉತ್ತರವನ್ನು ಹೆಮ್ಮೆಯಿಂದ ಗ್ರೂಪಿಗೆ ಹಾಕಿದಳು.

ಅಂದಿನಿಂದ ಅವಳ ಹೆಸರು ಟೀ ಮೇಡಂ. ಆನಂದ್ ಆಫೀಸಿಗೆ ಬಂದು ಕೂತರೆ, ಸಕ್ಕರೆ ಹಾಕಿದೀರಾ ಎಂದೇ ಮಾತು ತೆಗೆಯುತ್ತಿದ್ದ. ಯುವರಾಜ್ ಗಿರಾಕಿ ನಕ್ಕಷ್ಟೂ ತಾನೂ ನಗುತ್ತಿದ್ದರು. ಅವಳ ಪ್ರೊಫೈಲಿನಲ್ಲಿದ್ದ ಅಭಯನ ಫೋಟೋಕ್ಕೂ ಯಾರೋ ಚೋಟಾ ಚಾಯ್ ಎಂದು ಹೆಸರಿಟ್ಟರು. ಅವಳು ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಮಗು ಹೊರಗಿನಿಂದ ಬಾಗಿಲು ಬಡಿದಾಗ ಮುಖ ತೊಳೆದುಕೊಂಡು ಬಂದಳು.

ಆಮೇಲೆ ಒಂದು ಭಾನುವಾರ ತಮಾಷೆ ಅವಳನ್ನು ಬಿಟ್ಟು ಸುಬ್ಬಪ್ಪನ ಕಡೆ ತಿರುಗಿತು. ಅವಳಿಗೆ ಎಷ್ಟು ಹಗುರವಾಯಿತೆಂದರೆ, ಆ ಸುಬ್ಬಪ್ಪ ಯಾರು ಎಂದು ಕೇಳುವುದಕ್ಕೂ ಹೋಗಲಿಲ್ಲ.

ಸುಬ್ಬಪ್ಪ ಭದ್ರಾವತಿಯವನು. ಕಾರ್ಖಾನೆಯೊಂದರ ಅಧಿಕಾರಿಗಳಿಗೆಂದು ಹಿಂದೆ ಮಾಡಿದ್ದ ಗಾಲ್ಫ್ ಮೈದಾನದಲ್ಲಿ ಮೀಸೆ ಚಿಗುರುವ ಮುಂಚಿನಿಂದ ಆಟಗಾರರ ಚೀಲ ಹೊತ್ತವನು. ಹಾಗೆ ಹೊರುವವನಿಗೆ ಕ್ಯಾಡಿ ಎನ್ನುತ್ತಾರೆ. ಊರಲ್ಲಿ ಅವನಿಗೆ ಅದೇ ಮನೆತನದ ಹೆಸರಾಗಿತ್ತು. ಚೆಂಡು ಬೀಳುವ ಕುಳಿಯ ಸುತ್ತ ಹಾಸಿನಂಥ ಹುಲ್ಲು ಬೆಳೆಸಲು ಅಲ್ಲಿ ನೀರಿರಲಿಲ್ಲ. ಮರಳಿಗೆ ಸುಟ್ಟ ಎಣ್ಣೆ ಬೆರೆಸಿ, ತಟ್ಟಿ, ಚಾಪೆಯಷ್ಟು ಸಮ ಮಾಡಿರುತ್ತಿದ್ದರು. ಆಡಿದವರು ತುಳಿದು ಹೋದ ಮೇಲೆ ಗೋಣಿ ಎಳೆದು ಹೆಜ್ಜೆ ಗುರುತು ಅಳಿಸುವುದು ಸುಬ್ಬಪ್ಪನ ಕೆಲಸ. ಅವನ ಅಂಗಿ, ಅಂಗೈ, ತಲೆದಿಂಬು ಎಲ್ಲಕ್ಕೂ ಆ ಎಣ್ಣೆಯ ವಾಸನೆ. ಒಬ್ಬ ಅಧಿಕಾರಿ ಅವನಿಗೆ ಹೇಳಿದ್ದರಂತೆ, ನಾವಿಲ್ಲಿ ಹುಲ್ಲಿನ ನಡುವೆ ಮರಳು ಹಾಸಿಕೊಂಡು ಆಡ್ತೀವಿ, ಅರಬರ ದೇಶದಲ್ಲಿ ಮರಳಿನ ನಡುವೆ ಹುಲ್ಲು ಬೆಳೆಸ್ಕೊಂಡು ಆಡ್ತಾರೆ ಕಣಯ್ಯ ಎಂದು. ಆ ಮಾತನ್ನು ಸುಬ್ಬಪ್ಪ ಮದುವೆಯಾದ ಹೊಸದರಲ್ಲಿ ಹೆಂಡತಿ ಜಲಜಮ್ಮನಿಗೆ ಹೇಳಿದ್ದ, ಈಗಲೂ ಹೇಳುತ್ತಿದ್ದ. ಹಳೇ ನಗರದಲ್ಲಿ ಹೂ ಕಟ್ಟಿ ಮಾರುವ ಜಲಜಮ್ಮ ಪ್ರತಿ ಸಲವೂ ಹೊಸದಾಗಿ ಕೇಳುವಂತೆ, ಹೌದಾ ಎನ್ನುತ್ತಿದ್ದಳು.

ಅಧಿಕಾರಿಗಳು ಒಬ್ಬೊಬ್ಬರಾಗಿ ವರ್ಗವಾಗಿ ಹೋದರು. ಮೈದಾನದಲ್ಲಿ ಎಮ್ಮೆ ಮೇಯತೊಡಗಿದವು. ಭಾನುವಾರ ಮಾತ್ರ ಆನಂದನ ಗುಂಪು ಬರುತ್ತಿತ್ತು, ಸುಬ್ಬಪ್ಪ ಗೋಣಿ ಎಳೆಯುತ್ತಿದ್ದ. ಹಾಗೊಂದು ಭಾನುವಾರ ಅವನು ಆ ಮರಳು-ಹುಲ್ಲಿನ ಮಾತನ್ನು ಆನಂದನಿಗೂ ಹೇಳಿದ. ಆನಂದ್ ಗೆಳೆಯರ ಕಡೆ ಕಣ್ಣು ಹೊಡೆದು, "ಹಾಗಾದ್ರೆ ನೋಡೇ ಬಿಡೋಣ ನಡಿಯಯ್ಯ. ದುಬೈಗೆ ನೀನೇ ನಮ್ಮ ಕ್ಯಾಡಿ" ಎಂದ.

ಮುಂದಿನ ವಾರದಿಂದ ಗ್ರೂಪಿಗೆ ವಿಡಿಯೋಗಳು ಬರತೊಡಗಿದವು. ಮರಳುಗಾಡಿನ ಬಿಸಿಲಿಗೆ ಟ್ರೈನಿಂಗ್ ಎಂದು ನಡುಮಧ್ಯಾಹ್ನ ಅವನಿಗೆ ಉಲ್ಲನ್ ಸ್ವೆಟರ್ ತೊಡಿಸಿ, ಎರಡು ಹೆಗಲಿಗೂ ಚೀಲ ಹೇರಿ ಮೈದಾನ ಸುತ್ತಿಸುತ್ತಿದ್ದರು. ಅರಬರಿಗೆ ಹೀಗೆ ನಮಸ್ಕಾರ ಮಾಡಬೇಕು ಎಂದು ಒಂಟೆಯ ಹಾಗೆ ಮಂಡಿಯೂರಿಸಿ ಕತ್ತು ಎತ್ತಿಸುತ್ತಿದ್ದರು. ಬೆವರು ಸುರಿಯುವ ಮುಖದಲ್ಲಿ ಸುಬ್ಬಪ್ಪ, "ಸರಿ ಇದೆಯಾ ಸಾರ್?" ಎಂದು ಕೇಳುತ್ತಿದ್ದ. ಕ್ಯಾಮೆರಾದ ಹಿಂದೆ ಉಸಿರು ಕಟ್ಟಿದ ನಗು. ಇಂಪನಾ ಮೊದಲ ವಿಡಿಯೋಕ್ಕೆ ಸುಮ್ಮನಿದ್ದಳು. ಟೀ ಮೇಡಂ ಯಾಕೆ ಸೈಲೆಂಟು ಎಂದು ಯಾರೋ ಬರೆದಾಗ, ಎರಡನೆಯದಕ್ಕೆ ನಗುವ ಮುಖದ ಚಿತ್ರ ಹಾಕಿದಳು.

ಒಂದು ದಿನ ಆನಂದ್ ಸುಬ್ಬಪ್ಪನನ್ನೂ ಜಲಜಮ್ಮನನ್ನೂ ಕಾರಿನಲ್ಲಿ ಕೂರಿಸಿಕೊಂಡು ಆಫೀಸಿಗೇ ಕರೆತಂದ. ಅಂದು ಮಗುವನ್ನು ನೋಡಿಕೊಳ್ಳುವವಳು ರಜೆ ಹಾಕಿದ್ದರಿಂದ ಅಭಯನೂ ಅಲ್ಲೇ ಇದ್ದ, ಹಟ ಹಿಡಿದು ಅಳುತ್ತಿದ್ದ. ಸುಬ್ಬಪ್ಪ ಸ್ಟುಡಿಯೋದವರ ಕೋಟು ಹಾಕಿ ತೆಗೆಸಿದ ಫೋಟೋಗಳನ್ನೂ ಆಧಾರ್ ಕಾರ್ಡನ್ನೂ ಮೇಜಿನ ಮೇಲೆ ಎರಡೂ ಕೈಯಿಂದ ಇಟ್ಟ. ಜೇಬಿನಿಂದ ಹಳೆಯ ಗಾಲ್ಫ್ ಚೆಂಡೊಂದನ್ನು ತೆಗೆದು ನೆಲದ ಮೇಲೆ ಉರುಳಿಸಿದ. ಅಭಯ ಅಳು ನಿಲ್ಲಿಸಿ ಅದರ ಹಿಂದೆ ಓಡಿದ. ಚೆಂಡನ್ನು ಬಾಯಿಗೆ ಹಾಕಿಕೊಂಡಾನೆಂದು ಇಂಪನಾ ಕುರ್ಚಿಯಿಂದ ಅರ್ಧ ಎದ್ದೇ ಇದ್ದಳು.

ಸುಬ್ಬಪ್ಪನಿಗೆ ಒಂದೇ ಅನುಮಾನ. "ಪಾಸ್‌ಪೋರ್ಟ್ ಅಂತ ಏನೋ ಬೇಕಂತಲ್ಲ ಮೇಡಂ?"

"ಟೀಮ್ ಜೊತೆ ಹೋಗೋ ಕ್ಯಾಡಿಗೆ ಆಧಾರ್ ಸಾಕು ಕಣಯ್ಯ" ಎಂದ ಆನಂದ್, ಇಂಪನಾಳ ಕಡೆ ತಿರುಗಿ, "ಅಲ್ವಾ ಟೀ ಮೇಡಂ?"

ಗಾಜಿನ ಆಚೆ ಯುವರಾಜ್ ಬೇರೆ ಗಿರಾಕಿಯ ಜೊತೆಗಿದ್ದರು. ಇಂಪನಾ ಹೌದೆಂದು ತಲೆ ಆಡಿಸಿದಳು. ಆ ಪ್ರಶ್ನೆಗೆ ಅವಳು ಕೊಟ್ಟ ಉತ್ತರ ಅಷ್ಟೇ, ಆಮೇಲೆ ಎಷ್ಟು ಸಲ ನೆನೆದರೂ ಅದು ಅಷ್ಟೇ. ವೀಸಾ ಅರ್ಜಿಗೆ ತೋರಿಸಲೆಂದು ದುಡ್ಡು ಕಟ್ಟದೆ ತೆಗೆಯುವ, ಆಮೇಲೆ ತಾನಾಗಿ ರದ್ದಾಗುವ ಬುಕಿಂಗಿಗೆ ಟ್ರಾವೆಲ್ಸಿನವರು ಡಮ್ಮಿ ಎನ್ನುತ್ತಾರೆ. ಅಂಥದೊಂದು ಡಮ್ಮಿ ಟಿಕೆಟ್ಟನ್ನು ಸುಬ್ಬಪ್ಪನ ಹೆಸರಲ್ಲಿ ತೆಗೆದು ಕೊಟ್ಟಳು. ಅವನು ತನ್ನ ಹೆಸರಿನ ಮೇಲೆ ಬೆರಳಾಡಿಸಿ, ಕಾಗದವನ್ನು ಕಣ್ಣಿಗೊತ್ತಿಕೊಂಡ. ಜಲಜಮ್ಮ ಮಗುವಿನ ಕೆನ್ನೆ ನೇವರಿಸಿ, ಅಲ್ಲಿಂದ ಒಂದು ಹಿಡಿ ಮರಳು ತಂದುಕೊಡಿ ಅಂದಿದೀನಿ, ತುಳಸಿ ಬುಡಕ್ಕೆ ಹಾಕ್ತೀನಿ ಎಂದಳು. ಆನಂದ್ ಕೆಮ್ಮಿದಂತೆ ಮಾಡಿ ಹೊರಗೆ ಹೋದ.

ಹೊರಡುವ ಹಿಂದಿನ ದಿನ ಗ್ರೂಪಿಗೆ ಒಂದು ಫೋಟೋ ಬಂತು. ಸುಬ್ಬಪ್ಪನ ಓಣಿಯ ತಿರುವಿನಲ್ಲಿ ಫ್ಲೆಕ್ಸ್ ಎದ್ದಿತ್ತು. ಸ್ಟುಡಿಯೋ ಕೋಟಿನ ಸುಬ್ಬಪ್ಪ, ಹಿಂದೆ ಎತ್ತರದ ಕಟ್ಟಡ, ಪಕ್ಕದಲ್ಲೊಂದು ವಿಮಾನ, ಕೆಳಗೆ ಓಣಿಯ ಗಂಡಸರ ಮುಖಗಳ ಸಾಲು. ದುಬೈ ಪ್ರವಾಸ ಕೈಗೊಂಡಿರುವ ನಮ್ಮ ಹೆಮ್ಮೆಯ ಶ್ರೀ ಸುಬ್ಬಪ್ಪನವರಿಗೆ ಹಾರ್ದಿಕ ಶುಭಾಶಯಗಳು. ಬೆಳಿಗ್ಗೆ ಓಣಿಯವರು ಶಾಲು ಹೊದಿಸಿ, ಹಾರ ಹಾಕಿ ಕಳಿಸುತ್ತಾರಂತೆ. ಟಿಕೆಟ್ಟಿನ ಲ್ಯಾಮಿನೇಷನ್ ಸುದ್ದಿಯನ್ನು ಆನಂದ್ ಮೊದಲೇ ತಂದು ಹಾಕಿದ್ದ. ಈಗ ಉಳಿದ ಯೋಜನೆಯನ್ನೂ ಬರೆದ. ಮನೆ ಬಾಗಿಲಿಂದ ಕಾರಿನಲ್ಲಿ ಹತ್ತಿಸಿಕೊಂಡು ಬೆಂಗಳೂರಿನ ಏರ್‌ಪೋರ್ಟ್‌ವರೆಗೂ ಕರೆದುಕೊಂಡು ಹೋಗುವುದು. ತಾವು ಒಳಗೆ ಹೋಗುವುದು. ಬಾಗಿಲಲ್ಲಿ ಬಂದೂಕು ಹಿಡಿದು ನಿಂತವನಿಗೆ ಸುಬ್ಬಪ್ಪ ಲ್ಯಾಮಿನೇಷನ್ ತೋರಿಸುವುದನ್ನು ಗಾಜಿನ ಹಿಂದಿನಿಂದ ವಿಡಿಯೋ ಮಾಡುವುದು. ಆಮೇಲೆ ಡ್ರೈವರ್ ಅವನನ್ನು ಬಸ್ಸು ಹತ್ತಿಸಲಿ.

ಒಬ್ಬ ಮಾತ್ರ, ಮುದುಕನಿಗೆ ಹಾರ್ಟ್ ಗೀರ್ಟ್ ಆದೀತು ಎಂದು ಬರೆದ. ಅದಕ್ಕೂ ಮೂರು ನಗುವ ಮುಖಗಳು ಬಂದವು.

ಇಂಪನಾ ಮೊದಲು ಹೆದರಿದ್ದು ಸುಬ್ಬಪ್ಪನಿಗಾಗಿ ಅಲ್ಲ. ಬಂದೂಕಿನವನು ಈ ಕಾಗದ ಯಾರು ಕೊಟ್ಟರು ಎಂದು ಕೇಳಿದರೆ? ಅದರ ತಲೆಯ ಮೇಲೆ ಆಫೀಸಿನ ಹೆಸರಿದೆ, ಬುಕಿಂಗ್ ಅವಳ ಲಾಗಿನ್ನಿನದು. ಪೊಲೀಸರು ಹೊಸಮನೆಗೆ ಬಂದಂತೆ, ಅಭಯ ಗೇಟಿನಲ್ಲಿ ಒಬ್ಬನೇ ನಿಂತಂತೆ ಕಣ್ಣಿಗೆ ಕಟ್ಟಿತು. ಯುವರಾಜ್‌ಗೆ ಹೇಳಿದಳು. ಅವರು ಕತ್ತೆತ್ತದೆ, ದೊಡ್ಡವರ ತಮಾಷೆ, ನಮಗ್ಯಾಕೆ ಎಂದರು. ಮನೆಗೆ ಬಂದು ಕೊನೆಗೂ ನಿಶಾಂತನಿಗೆ ಎಲ್ಲ ಹೇಳಿದಳು. ಅವನು ಮೊಬೈಲಿನಲ್ಲಿ ಒಂಟೆ ನಮಸ್ಕಾರದ ವಿಡಿಯೋ ನೋಡಿ ನಕ್ಕುಬಿಟ್ಟ. ಅವಳ ಮುಖ ನೋಡಿದ ಮೇಲೆ, "ನೀನೊಬ್ಬಳು ಮಾರಾಯ್ತಿ. ಅಷ್ಟು ಚಿಂತೆ ಇದ್ರೆ ಫೋನ್ ಮಾಡಿ ಹೇಳು. ಇಲ್ಲಾಂದ್ರೆ ಸುಮ್ನಿರು" ಎಂದ.

ಸುಮ್ಮನಿರಲು ನೋಡಿದಳು. ಅಭಯನಿಗೆ ಅನ್ನ ಕಲಸಿದಳು. ಅವನು ಊಟ ಬಿಟ್ಟು ಮಂಚದ ಅಡಿಯಿಂದ ಆ ಗಾಲ್ಫ್ ಚೆಂಡನ್ನು ತೆಗೆದು ಅವಳ ಕಡೆ ಉರುಳಿಸಿದ. ಅವಳು ವಾಪಸು ಉರುಳಿಸಲಿಲ್ಲವೆಂದು ಕೂಗಿದ. ಬೀದಿಯ ದೀಪ ಹತ್ತುವ ಹೊತ್ತಿಗೆ ಅವಳು ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಫೋನ್ ಹಚ್ಚಿದಳು.

ಎತ್ತಿದವಳು ಜಲಜಮ್ಮ. ಹಿಂದೆ ಎಣ್ಣೆ ಸಿಡಿಯುವ ಸದ್ದು. ಕೋಡುಬಳೆ ಕರೀತಿದೀನಿ, ಅಲ್ಲಿನ ಊಟ ಇವರಿಗೆ ಸೇರುತ್ತೋ ಇಲ್ವೋ, ನಿಮ್ಮ ಮಗೂಗೂ ಒಂದು ಪೊಟ್ಟಣ ಇಟ್ಟಿದೀನಿ ಎಂದು ಒಂದೇ ಉಸಿರಿನಲ್ಲಿ ಹೇಳಿ ಗಂಡನ ಕೈಗೆ ಕೊಟ್ಟಳು.

ಇಂಪನಾ ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಎಂಬ ಹೆದರಿಕೆಗೆ ಎಲ್ಲವನ್ನೂ ಒಟ್ಟಿಗೆ ಹೇಳಿದಳು. "ಸುಬ್ಬಪ್ಪನವರೇ, ಆ ಟಿಕೆಟ್ ನಿಜವಾದ್ದಲ್ಲ. ಅವರು ನಿಮ್ಮನ್ನ ದುಬೈಗೆ ಕರ್ಕೊಂಡು ಹೋಗ್ತಿಲ್ಲ. ಏರ್‌ಪೋರ್ಟ್ ಬಾಗಿಲಲ್ಲಿ ನಿಲ್ಲಿಸಿ ನಗೋಕೆ ಕರ್ಕೊಂಡು ಹೋಗ್ತಿದಾರೆ. ಅದನ್ನ ಪ್ರಿಂಟ್ ಮಾಡಿದ್ದು ನಾನೇ."



"ಹೂಂ ಮೇಡಂ. ಸ್ವೆಟರ್ ಬೇಡ ಅಂತೀರಾ. ಆಯ್ತು" ಎಂದ ಸುಬ್ಬಪ್ಪ, ಖುಷಿಯ ಗಟ್ಟಿ ದನಿಯಲ್ಲಿ.

ಅರ್ಥವಾಗಲಿಲ್ಲವೇನೋ ಎಂದು ಅವಳು ಮತ್ತೆ ಮೊದಲಿಂದ ಹೇಳತೊಡಗಿದಳು. ಅವನು ತಡೆದ. "ಗೊತ್ತಾಯ್ತು ಮೇಡಂ, ಗೊತ್ತಾಯ್ತು. ಇಲ್ಲಿ ಸಿಗ್ನಲ್ ಸರಿ ಇಲ್ಲ, ಹೊರಗೆ ಬರ್ತೀನಿ."

ಬಾಗಿಲ ಸದ್ದು. ಚಪ್ಪಲಿಯ ಸದ್ದು. ದನಿ ಮತ್ತೆ ಬಂದಾಗ ಅದು ಬೇರೆ ಯಾರದೋ ದನಿಯಂತಿತ್ತು. ಅವನು ಆನಂದನನ್ನು ಬೈಯಲಿಲ್ಲ, ಅವಳನ್ನೂ ಬೈಯಲಿಲ್ಲ. ಬೈದಿದ್ದರೆ ಅವಳು ಕ್ಷಮೆ ಕೇಳಿ ಫೋನ್ ಇಡಬಹುದಿತ್ತು.

"ಬೋರ್ಡ್ ಹಾಕಿಬಿಟ್ಟಿದಾರೆ ಮೇಡಂ" ಎಂದ. "ಬೆಳಿಗ್ಗೆ ಶಾಲು ಹೊದಿಸ್ತಾರೆ. ಜಲಜ ಎಲ್ಲರ ಮನೆಗೂ ಹೇಳ್ಕೊಂಡು ಬಂದಿದಾಳೆ. ಅವರ ಕಾರು ಬರೋ ಮುಂಚೆ ನೀವೊಂದು ಕಾರು ಕಳಿಸಿ. ನಾನು ಓಣಿ ದಾಟಿದ್ರೆ ಸಾಕು. ಮನೆ ಹತ್ರ ಬರಬೇಡಿ ಅಂತ ಅವರಿಗೆ ನಾನೇ ಫೋನ್ ಮಾಡ್ತೀನಿ. ಅವರು ವಾಪಸ್ ಬರೋವರೆಗೆ ನಿಮ್ಮನೇಲಿ ಒಂದು ಮೂಲೆ ಕೊಡಿ. ಮಗೂನ ನೋಡ್ಕೋತೀನಿ."

ಎರಡು ಕೋಣೆಯ ಮನೆ. ನಿಶಾಂತ್ ಏನೆಂದಾನು. ಪಕ್ಕದ ಮನೆಯವರು ಯಾರೆಂದು ಕೇಳಿದರೆ ಏನು ಹೇಳುವುದು. ಮಗುವನ್ನು ಕೆಲಸದವಳ ಕೈಗೆ ಕೊಡಲೂ ನಡುಗುವವಳು, ಎಣ್ಣೆ ವಾಸನೆಯ ಈ ಮುದುಕನ ಕೈಗೆ ಹೇಗೆ ಕೊಡುವುದು. ಬೇಡ ಎನ್ನಲು ಒಂದು ಒಳ್ಳೆಯ ಕಾರಣ ಹುಡುಕಿದಳು. ನೂರು ಕಾರಣ ಸಿಕ್ಕವು.

"ಕಳಿಸ್ತೀನಿ" ಎಂದಳು.

"ಇನ್ನೊಂದು ಕೇಳ್ಲಾ ಮೇಡಂ. ಶಿವಮೊಗ್ಗದಲ್ಲಿ ಒಂದು ಹಿಡಿ ಮರಳು ಎಲ್ಲಿ ಸಿಗುತ್ತೆ? ನಮ್ಮ ಮೈದಾನದ್ದು ಆಗಲ್ಲ. ಅದಕ್ಕೆ ಎಣ್ಣೆ ವಾಸನೆ. ಜಲಜಂಗೆ ಗೊತ್ತಾಗಿಬಿಡುತ್ತೆ."