ಏಳು ತಿಂಗಳ ಕೂಸಿನ ನೊರೆ

ಎಪ್ಪತ್ತರ ದಶಕದ ಕೊನೆ. ನ್ಯಾಮತಿಯ ಆಸ್ಪತ್ರೆಯಲ್ಲಿ ನಾನು ಹೊಸ ಡಾಕ್ಟರು. ಓದಿದ್ದನ್ನೆಲ್ಲ ಯಾರ ಮೇಲಾದರೂ ಪ್ರಯೋಗಿಸಿ ನೋಡುವ ಚಪಲ. ಒಂದು ಬೆಳಿಗ್ಗೆ ಗೋವಿನಕೋವಿಯಿಂದ ಗಾಡಿಯಲ್ಲಿ ಬಂದ ಹುಡುಗಿಯೊಬ್ಬಳು, ನಾನು ಗ್ಲೌಸ್ ಹಾಕಿಕೊಳ್ಳುವಷ್ಟರಲ್ಲಿ ಹೆತ್ತೇಬಿಟ್ಟಳು. ಗಂಡು ಕೂಸು. ಹೆಂಚು ಹಾರಿಹೋಗುವಂತೆ ಅಳುತ್ತಿತ್ತು.

ಹುಡುಗಿಯ ತಾಯಿ ನನ್ನ ಕೈ ಹಿಡಿದುಕೊಂಡರು. "ಏಳು ತಿಂಗಳಿಗೇ ಆಗಿಬಿಟ್ಟೈತ್ರಿ ಡಾಕ್ಟ್ರಮ್ಮ. ಮದುವೆ ಆಗಿ ಏಳೇ ತಿಂಗಳು! ಉಳಿತೈತೇನ್ರಿ?"

ಕೂಸು ಸ್ವಲ್ಪ ಸಣ್ಣದೇ. ಆದರೆ ನಮ್ಮ ಕಡೆ ತುಂಬು ತಿಂಗಳ ಕೂಸುಗಳೂ ಸಣ್ಣವೇ ಇರುತ್ತಿದ್ದವು. ತೂಕ ನೋಡಿ ತಿಂಗಳು ಹೇಳುವಂತಿರಲಿಲ್ಲ. ನಿಜಕ್ಕೂ ಏಳು ತಿಂಗಳದ್ದಾದರೆ ಶ್ವಾಸಕೋಶ ಬಲಿತಿರುವುದಿಲ್ಲ, ಕೂಡಲೇ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು.

ಅದನ್ನು ಪತ್ತೆಹಚ್ಚುವ ಪರೀಕ್ಷೆಯೊಂದನ್ನು ನಾನು ಓದಿದ್ದೆ. ಬಲಿತ ಶ್ವಾಸಕೋಶದಲ್ಲಿ ಸೋಪಿನಂಥ ಒಂದು ಜಿಡ್ಡು ಇರುತ್ತದೆ. ಅದು ಗರ್ಭದ ನೀರಿಗೆ ಬೆರೆಯುತ್ತದೆ, ಆ ನೀರನ್ನು ಕೂಸು ಕುಡಿಯುತ್ತದೆ. ಹುಟ್ಟಿದ ಕೂಡಲೇ ಅದರ ಹೊಟ್ಟೆಯ ನೀರನ್ನು ತುಸು ತೆಗೆದು, ಆಲ್ಕೋಹಾಲು ಬೆರೆಸಿ ಕುಲುಕಬೇಕು. ನೊರೆ ನಿಂತರೆ ಬಲಿತಿದೆ; ಒಡೆದರೆ ಎಳಸು.

ಆಲ್ಕೋಹಾಲಿಗೆ ಬೀಗ ಹಾಕಿಟ್ಟಿದ್ದ ಕಾಂಪೌಂಡರು ಹುಬ್ಬೇರಿಸಿದರು. "ಹುಟ್ಟಿದ ತಕ್ಷಣಾನೇ ಶುರು ಮಾಡಿಸ್ತೀರೇನ್ರಿ?"

ಕೂಸಿನ ಹೊಟ್ಟೆಯಿಂದ ಸಣ್ಣ ನಳಿಗೆಯಲ್ಲಿ ತೆಗೆದ ನೀರಿಗೆ ಆಲ್ಕೋಹಾಲು ಬೆರೆಸಿ, ಗಾಜಿನ ಕೊಳವೆಯಲ್ಲಿ ಕುಲುಕಿ ಕಿಟಕಿಯಲ್ಲಿಟ್ಟೆ. ನೊರೆ ಒಳ್ಳೇ ಕಾಫಿಯ ಮೇಲಿನಂತೆ ಗಟ್ಟಿಯಾಗಿ ನಿಂತಿತು.

"ದಾವಣಗೆರೆ ಬೇಡಮ್ಮ. ಪೂರ್ತಿ ಬಲಿತಿದೆ," ಎಂದೆ ಹಿಗ್ಗಿನಿಂದ.

ತಾಯಿಯ ಮುಖ ಬಾಡಿತು. "ಪೂರ್ತಿ ಅಂದ್ರೆ... ಎಷ್ಟು ಪೂರ್ತಿ?"

ಅಳಿಯ ಮದುವೆಗೆ ಮೊದಲೇ ತಮ್ಮ ಮನೆಗೆ ಬಂದುಹೋಗುತ್ತಿದ್ದ ನೆಂಟರ ಹುಡುಗ ಎಂದು ಅವರೇ ಬಾಯಿಬಿಟ್ಟರು. ನನಗೆ ಆಗ ಹೊಳೆಯಿತು. ಗೋಡೆಗೆ ಮುಖ ಮಾಡಿ ಮಲಗಿದ್ದ ಬಾಣಂತಿಯ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಬಗ್ಗಿ ನೋಡಿದರೆ, ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

"ಸ್ವಲ್ಪ ಕಮ್ಮಿ ಮಾಡಿ ಹೇಳಾಕೆ ಬರಲ್ವೇನ್ರಿ?" ತಾಯಿ ಪಿಸುಗುಟ್ಟಿದರು. "ಬೀಗಿತ್ತಿ ಬರ್ತಾಳೆ."

"ಸುಳ್ಳು ಹೇಳಲ್ಲ. ಅವರು ಕೇಳದಿದ್ದರೆ ನಾನೂ ಬಾಯಿ ಬಿಡಲ್ಲ," ಎಂದೆ.

ಅಷ್ಟು ಅವರಿಗೆ ಸಾಲಲಿಲ್ಲ. ಆಸ್ಪತ್ರೆಯ ಹತ್ತಿಯನ್ನೆಲ್ಲ ತಂದು, ದಿನ ತುಂಬದ ಕೂಸಿಗೆ ಸುತ್ತುವಂತೆ ಮೂಗೊಂದು ಬಿಟ್ಟು ಸುತ್ತಿದರು. ಕೂಸು ಒದ್ದು ಒದ್ದು ಹತ್ತಿ ಹಾರಿಸುತ್ತಿತ್ತು.

ಮಧ್ಯಾಹ್ನ ಬೀಗಿತ್ತಿ ಬಂದರು. ಬಂದವರೇ ಹತ್ತಿ ಬಿಡಿಸಿದರು. ದಿನ ತುಂಬಿದ ಕೂಸಿನದರಂತೆ ಬೆರಳ ತುದಿ ದಾಟಿ ಬೆಳೆದಿದ್ದ ಉಗುರು ನೋಡಿದರು. ಕೆನ್ನೆ ಚಿವುಟಿದರು.

"ಇದಕ್ಯಾಕೆ ಈ ಸೆಕೇಲಿ ಹತ್ತಿ?" ಎಂದರು ಗಟ್ಟಿಯಾಗಿ. "ನನ್ನ ಮಗನೂ ಏಳು ತಿಂಗಳಿಗೇ ಹುಟ್ಟಿದ್ದು. ನಮ್ಮ ಮನೆತನದಾಗೆ ಅಷ್ಟೇ ಸಾಕು."

ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ಕೂತು ಎಲೆಅಡಿಕೆ ಹಾಕಿದರು.

ನಾಮಕರಣಕ್ಕೆ ನನ್ನನ್ನೂ ಕರೆದಿದ್ದರು. ಡುಮ್ಮನಾಗಿದ್ದ ಕೂಸನ್ನು ತೋರಿಸಿ ನೆಂಟರೊಬ್ಬರು, "ಏನೋ ದೇವರ ದಯೆ, ಅಲ್ಲೇನ್ರಿ ಡಾಕ್ಟ್ರಮ್ಮ?" ಎಂದರು. ನಾನು ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು ತಲೆಯಾಡಿಸಿದೆ.